ಮಿಣುಕುಹುಳದ ರೀಮಿಕ್ಸ್

"ಇಲ್ಲಿ! ಇಲ್ಲೇ ಕೆಟ್ಟಿರೋದು," ಅಂದ ಕೊಕ್ಕರೆ.

ಅವನ ಉದ್ದನೆಯ ಬೆರಳು ಕಂಪ್ಯೂಟರ್ ಪರದೆಯ ಹಸಿರು ಅಲೆಗಳ ಮೇಲಿತ್ತು. ಮೆಣಸು ಹಾಡನ್ನು ನಿಲ್ಲಿಸಿದಳು. ಲ್ಯಾಬಿನ ದೊಡ್ಡ ಸ್ಪೀಕರುಗಳು ಸುಮ್ಮನಾದವು.

"ಏನೋ ಕೆಟ್ಟಿರೋದು?"

"ಹುಳ ಗುಹೆ ಒಳಗೆ ಹೋದ ತಕ್ಷಣ ಟ್ಯೂನೇ ಕಾಣೆ. ಬರೀ ಧಬ ಧಬ ಧಬ. ಪಕ್ಕದ ಮನೇಲಿ ಗೋಡೆ ಒಡೀತಿದಾರೇನೋ ಅನ್ಸತ್ತೆ."

ಇಡೀ ಮ್ಯೂಸಿಕ್ ಕ್ಲಬ್ಬು ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಡೆಸ್ಕ್ ಗುದ್ದಿ "ಧಬ ಧಬ" ಅಂದರು. ಮತ್ತೆ ನಗು.

ಮೆಣಸಿನ ಕಿವಿ ಕೆಂಪಗಾಯಿತು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನೆಯವರು ಆ ಹೆಸರಿಟ್ಟಿದ್ದೂ ಅದಕ್ಕೇ. ಶಾಲೆಗೆ ಅದು ಹೇಗೆ ಬಂತೋ, ಈಗ ಎಲ್ಲರ ಬಾಯಲ್ಲೂ ಅದೇ, ಉದ್ದ ಕುತ್ತಿಗೆಯ ಹುಡುಗ ಎಲ್ಲರಿಗೂ ಕೊಕ್ಕರೆ ಆದ ಹಾಗೆ.

"ನಮ್ಮನೇಲಿ ಚೆನ್ನಾಗೇ ಕೇಳ್ಸತ್ತೆ. ಈ ಸ್ಪೀಕರೇ ಸರಿ ಇಲ್ಲ," ಅಂದಳು.

"ಬೇರೆಯವರ ಹಾಡಿಗೆ ಸರಿ ಇತ್ತಲ್ಲ?" ಅಂದ ಕೊಕ್ಕರೆ. ಅವನು ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿಯೂ ಅನುಮಾನದಿಂದ ಕೇಳಿದ್ದ. ಅದಕ್ಕೆ ಅವಳಿಗೆ ಇನ್ನೂ ಉರಿಯಿತು.

ಮ್ಯೂಸಿಕ್ ಮಿಸ್ ಎಲ್ಲರಿಗೂ ಒಂದೇ ವಿಡಿಯೋ ಗೇಮಿನ ಸಂಗೀತ ಕೊಟ್ಟಿದ್ದರು. ಆ ಆಟದಲ್ಲಿ ಒಂದು ಮಿಣುಕುಹುಳ ಗುಹೆಯೊಳಗೆ ಹಾರಿಹೋಗುತ್ತದೆ. ತುಂಬಾ ಆಳಕ್ಕೆ ಹೋದಾಗ ಅದರ ದೀಪ ಆರಿಹೋಗುತ್ತದೆ. ಆಗ ಯಾವ ಬಟನ್ನೂ ಒತ್ತುವಂತಿಲ್ಲ, ಕತ್ತಲಲ್ಲಿ ಸುಮ್ಮನೆ ಕಾಯಬೇಕು. ಕಾದರೆ ದೀಪ ತಾನಾಗಿ ಹತ್ತಿಕೊಳ್ಳುತ್ತದೆ. ಆ ಸಂಗೀತಕ್ಕೆ ಡ್ರಮ್, ತಗ್ಗು ದನಿಯ ಬೇಸ್, ಇನ್ನೇನು ಬೇಕೋ ಸೇರಿಸಿ ಪ್ರತಿಯೊಬ್ಬರೂ ತಮ್ಮದೇ ರೀಮಿಕ್ಸ್ ಮಾಡಬೇಕಿತ್ತು. ಮಾಡಿದ್ದನ್ನು ಜೊತೆಗಾರರು ಕೇಳಿ ಅಭಿಪ್ರಾಯ ಹೇಳಬೇಕಿತ್ತು.

"ಸೂಪರ್ ಅನ್ನೋ ಹಾಗಿಲ್ಲ, ಬೋರ್ ಅನ್ನೋ ಹಾಗೂ ಇಲ್ಲ," ಎಂದಿದ್ದರು ಮಿಸ್. "ಎಲ್ಲಿ, ಏನು, ಹೇಗೆ ಸರಿ ಮಾಡೋದು. ಈ ಮೂರನ್ನೂ ಹೇಳ್ಬೇಕು."

ಕೊಕ್ಕರೆ ಮೂರನ್ನೂ ಹೇಳಿದ. ಬೇಸ್ ಅರ್ಧಕ್ಕೆ ಇಳಿಸು ಅಂದ. ಮೆಣಸು ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಗಂಟೆ ಹೊಡೆಯಿತು. "ಇವನದನ್ನ ಮನೇಲಿ ಕೇಳಿ ಹೇಳ್ಬಿಡಮ್ಮ," ಅಂದರು ಮಿಸ್. "ನಾಳೆ ಮೊದಲ ಬೆಲ್ಲಿನೊಳಗೆ ಎಲ್ರದ್ದೂ ನನ್ನ ಕೈಗೆ ಬರ್ಬೇಕು. ಸಂಜೆ ಹಾಲ್‌ನಲ್ಲಿ ನಿಮ್ಮ ಅಪ್ಪ ಅಮ್ಮಂದಿರ ಮುಂದೆ ಹಾಕೋದು."

ಕೊಕ್ಕರೆ ಪೆನ್ ಡ್ರೈವ್ ಚಾಚಿದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ಎರಡನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು. ಆ ದಿನ ಮಾತ್ರ ಅವಳು ಒಬ್ಬಳೇ ಮನೆಗೆ ಹೋದಳು.

ಮನೆಯಲ್ಲಿ ಅಮ್ಮ ಹೆಡ್‌ಸೆಟ್ ಹಾಕಿಕೊಂಡು ಕೆಲಸದಲ್ಲಿದ್ದಳು. ಟ್ಯಾಕ್ಸಿ ಕಂಪನಿಗೆ ಬರುವ ಫೋನ್‌ಗಳನ್ನು ಅಮ್ಮ ಮನೆಯಿಂದಲೇ ತೆಗೆದುಕೊಳ್ಳುತ್ತಿದ್ದಳು.

"ಹೌದು ಸರ್, ಬಿಳಿ ಕಾರು. ಗೇಟ್ ಮುಂದೇನೇ ನಿಂತಿರಿ ಸರ್. ಇಲ್ಲ ಸರ್, ಆ ಗೇಟ್ ಅಲ್ಲ, ಈ ಕಡೆ ಗೇಟು."

ಮೆಣಸು ಬಾಗಿಲ ಬಳಿ ಕಾಲು ಕುಣಿಸುತ್ತಾ ನಿಂತಳು. ಅಮ್ಮ ಕೊನೆಗೂ ಹೆಡ್‌ಸೆಟ್ ತೆಗೆದು ಕಿವಿ ಉಜ್ಜಿಕೊಂಡಳು. "ಯಾಕೆ ಮುಖ ಹೀಗೆ ಊದಿದೆ?"

"ಏನಿಲ್ಲ. ಹೆಡ್‌ಸೆಟ್ ಕೊಡು."

"ನನ್ನ ಕಾಫಿ ಬ್ರೇಕ್ ಮುಗಿಯೋವರೆಗೆ ಅಷ್ಟೇ."

ಅವಳ ರೀಮಿಕ್ಸ್ ಪೂರ್ತಿ ಆ ಹೆಡ್‌ಸೆಟ್‌ನಲ್ಲೇ ತಯಾರಾಗಿತ್ತು. ಈಗ ಅದರಲ್ಲೇ ಕೊಕ್ಕರೆಯದನ್ನು ಹಾಕಿದಳು. ಕೇಳುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಬೆಕ್ಕು ಇಲಿಗೆ ಕಾಯುವ ಹಾಗೆ ಕಾದಳು.

ಸಿಕ್ಕಿತು! ಮೊದಲನೆಯದಾಗಿ ಎಲ್ಲಾ ತೆಳ್ಳಗಿತ್ತು. ಎರಡನೆಯದು ಇನ್ನೂ ಮಜವಾಗಿತ್ತು. ಹುಳದ ದೀಪ ಆರುವ ಜಾಗದಲ್ಲಿ ಹಾಡೇ ಇರಲಿಲ್ಲ. ಅವಳು ಅದನ್ನು ಮತ್ತೊಮ್ಮೆ ಹಾಕಿದಳು. ನಿಜ, ಒಂದು ಸದ್ದೂ ಇಲ್ಲ.

ಅಮ್ಮನ ಫೋನ್ ತೆಗೆದುಕೊಂಡು, ಕೊಕ್ಕರೆಯ ಅಪ್ಪನ ನಂಬರ್ ಹುಡುಕಿ, ಬಾಯಿ ಹತ್ತಿರ ಹಿಡಿದಳು.

"ಲೋ ಕೊಕ್ಕರೆ, ಕೇಳಿದೆ ನಿನ್ನದನ್ನ. ಸೊಳ್ಳೆ ಗುಂಯ್ ಅಂದ ಹಾಗಿದೆ. ಆಮೇಲೆ ದೀಪ ಆರತ್ತಲ್ಲ, ಅಲ್ಲಿ ಏನಿದೆ? ಸೊನ್ನೆ! ಮಾಡ್ತಾ ಮಾಡ್ತಾ ನಿದ್ದೆ ಹೋದ್ಯಾ? ಅಲ್ಲಿ ಡ್ರಮ್ ಹಾಕು. ಬೇಸ್ ಡಬಲ್ ಮಾಡು. ಇಲ್ದಿದ್ರೆ ನಾಳೆ ಹಾಲ್‌ನಲ್ಲಿ ಒಬ್ರೂ ಉಳಿಯಲ್ಲ. ಎಲ್ಲಿ, ಏನು, ಹೇಗೆ, ಮೂರೂ ಹೇಳಿದೀನಿ ಸರೀನಾ?"

ಕಳಿಸಿದ ಮೇಲೆ ಹೊಟ್ಟೆ ತಣ್ಣಗಾಯಿತು. ಸ್ವಲ್ಪ ಹೊತ್ತು ಮಾತ್ರ.

ಅಮ್ಮ ಹೆಡ್‌ಸೆಟ್ ವಾಪಸ್ ತೆಗೆದುಕೊಂಡಳು. ಅಣ್ಣ ಕಾಲೇಜಿನಿಂದ ಬಂದವನು ಅವಳ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿದ.

"ಏನದು? ನನ್ನ ಸ್ಪೀಕರ್‌ಗೆ ಹಾಕು, ನಾನೂ ಕೇಳ್ತೀನಿ."

"ಕೊಕ್ಕರೇದು. ಕೇಳಿ ನಕ್ಕುಬಿಡು."

ಅಣ್ಣನ ದುಂಡನೆಯ ಸ್ಪೀಕರ್ ಮೇಜಿನ ಮೇಲೆ ಕೂತಿತು. ಹಾಡು ಶುರುವಾಯಿತು. ಸೊಳ್ಳೆ ಎಲ್ಲೂ ಇರಲಿಲ್ಲ. ಟ್ಯೂನಿನ ಕೆಳಗೆ ಏನೋ ಒಂದು ದಪ್ಪಗೆ, ಮೆತ್ತಗೆ ಹರಿಯುತ್ತಿತ್ತು. ಹುಳ ಗುಹೆಯ ಆಳಕ್ಕೆ ಇಳಿಯಿತು. ದೀಪ ಆರಿತು.

ಅಲ್ಲಿ ಸೊನ್ನೆ ಇರಲಿಲ್ಲ. ಅಲ್ಲಿ ಒಂದು ಎದೆ ಬಡಿಯುತ್ತಿತ್ತು.

ತುಂಬಾ ಕೆಳಗಿನ ಸದ್ದು. ಡುಬ್... ಡುಬ್... ಬೇರೇನೂ ಇಲ್ಲ. ಮೇಜಿನ ಮೇಲಿಟ್ಟಿದ್ದ ಮೆಣಸಿನ ಅಂಗೈಗೆ ಅದು ತಾಗುತ್ತಿತ್ತು. ಹುಳ ಕತ್ತಲಲ್ಲಿ ಒಂಟಿಯಾಗಿ ಕಾಯುತ್ತಿದೆ, ಹೆದರಿದೆ, ಆದರೂ ಕಾಯುತ್ತಿದೆ.

ಅಣ್ಣ ನಗಲಿಲ್ಲ. "ಅಬ್ಬಾ," ಅಂದ. "ಈ ಕೊಕ್ಕರೆ ಭಾರಿ ಇದಾನೆ ಕಣೇ."

ಮೆಣಸು ತನ್ನ ರೀಮಿಕ್ಸ್ ಹಾಕಿದಳು. ಧಬ ಧಬ ಧಬ. ಕಿಟಕಿಯ ಗಾಜು ಗಡಗಡ ಅಂದಿತು. ಟ್ಯೂನ್ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಅವಳು ಪಕ್ಕದ ರೂಮಿಗೆ ನುಗ್ಗಿದಳು. "ಅಮ್ಮಾ! ನಿನ್ನ ಹೆಡ್‌ಸೆಟ್ ಬರೀ ಡಬ್ಬಾ! ಅದರಲ್ಲಿ ಬೇಸೇ ಕೇಳ್ಸಲ್ಲ!"

ಅಮ್ಮ ಮೈಕಿಗೆ ಕೈ ಅಡ್ಡ ಇಟ್ಟಳು. "ಅದನ್ನ ಕೊಟ್ಟಿರೋದೇ ಮಾತಾಡೋಕೆ. ಮಾತು ಕೇಳ್ಸತ್ತೆ, ನನಗಷ್ಟು ಸಾಕು. ಬಾಗಿಲು ಹಾಕ್ಕೊಂಡು ಹೋಗು."

ಬಾಗಿಲನ್ನು ಅವಳು ದಢಾರ್ ಎಂದು ಹಾಕಿದಳು. ಹೆಡ್‌ಸೆಟ್ ಮೇಲೆ ಕೋಪ, ಅಮ್ಮನ ಮೇಲೆ ಕೋಪ. ಎಲ್ಲರ ಮುಂದೆ ಗೋಡೆ ಒಡೆಯುವ ಮಾತಾಡಿದ ಕೊಕ್ಕರೆಯ ಮೇಲಂತೂ ಕೋಪ ಹಾಗೇ ಇತ್ತು. ಫೋನ್ ನೋಡಿದಳು. ಕೊಕ್ಕರೆ ಮೆಸೇಜ್ ಕೇಳಿಯಾಗಿತ್ತು. 'ಸರಿ' ಎಂದಷ್ಟೇ ಉತ್ತರ.

ಇನ್ನೊಂದು ಮೆಸೇಜ್ ಕಳಿಸಲು ಬಾಯಿ ತೆರೆದಳು. 'ನಾನು ಹೇಳಿದ್ದು ತಪ್ಪು' ಅನ್ನಬೇಕಿತ್ತು. ನಕ್ಕರಲ್ಲ ಎಲ್ಲರೂ. ಅವನಿಂದಲೇ ತಾನೆ ನಕ್ಕಿದ್ದು? ಅವನದು ಚೆನ್ನಾಗಿದೆ ಅಂತ ಅವನಿಗೇ ಗೊತ್ತಾಗಲ್ವಾ? ಫೋನ್ ಕೆಳಗಿಟ್ಟಳು.

ಆಮೇಲೆ ಅಣ್ಣನ ಸ್ಪೀಕರ್ ಮುಂದೆ ಕೂತು ತನ್ನದನ್ನು ಸರಿಮಾಡಿದಳು. ಕೊಕ್ಕರೆಯ ಬೆರಳಿದ್ದ ಜಾಗ ಕಣ್ಣಿಗೆ ಕಟ್ಟಿದ ಹಾಗಿತ್ತು. ಅಲ್ಲಿಂದ ಬೇಸನ್ನು ಅರ್ಧಕ್ಕೆ ಇಳಿಸಿದಳು. ಟ್ಯೂನ್ ನೀರಿನಿಂದ ಎದ್ದು ಬಂದ ಹಾಗೆ ಮೇಲೆ ಬಂತು. ಅವನು ಹೇಳಿದ್ದು ಅಷ್ಟು ಸರಿಯಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಬೆಳಗ್ಗೆ ಲ್ಯಾಬಿನಲ್ಲಿ ಕೊಕ್ಕರೆ ಒಬ್ಬನೇ ಕೂತಿದ್ದ. ಕಣ್ಣು ಊದಿಕೊಂಡಿತ್ತು. ಮಿಸ್ ಹಾಲ್‌ನಲ್ಲಿ ವೈರ್ ಎಳೆಸುತ್ತಿದ್ದರು.

"ಬಾ, ಬಾ," ಅಂದ. "ನೀನ್ ಹೇಳಿದ ಹಾಗೇ ಮಾಡಿದೀನಿ. ಬೇಸ್ ಡಬಲ್. ಕತ್ತಲೆ ಜಾಗಕ್ಕೂ ಡ್ರಮ್ ಹಾಕ್ದೆ. ಕೇಳ್ಬಿಡು, ಕೊಟ್ಟುಬಿಡ್ತೀನಿ."

ಅವನು ಪ್ಲೇ ಒತ್ತಿದ.

ದೀಪ ಆರಿತು. ಹೆದರಿದ ಎದೆಯ ಸದ್ದು ಇರಬೇಕಾದಲ್ಲಿ ಡ್ರಮ್‌ಗಳು ಧಡಬಡ ಓಡಾಡಿದವು. ಹುಳ ಅಲ್ಲಿರಲೇ ಇಲ್ಲ.

ಕೊಕ್ಕರೆ ಕುತ್ತಿಗೆ ಉದ್ದ ಮಾಡಿ ಅವಳ ಮುಖ ನೋಡಿದ. "ನನಗೇನೋ ಮೊದಲಿನದೇ ಚೆನ್ನಾಗಿತ್ತು ಅನ್ಸತ್ತೆ. ಆದ್ರೆ ನೀನು ಹೇಳಿದೀಯಲ್ಲ."

"ಚೆನ್ನಾಗಿತ್ತು ಅನ್ಸಿದ್ರೆ ಯಾಕೋ ಬದಲಾಯಿಸ್ದೆ?" ಮೆಣಸು ಚೀರಿದಳು. "ನಾನು ಏನು ಹೇಳಿದ್ರೂ ಮಾಡ್ಬಿಡೋದಾ? ತಲೆ ಇಲ್ವಾ ನಿನಗೆ?"

ಅವನು ಬೆಪ್ಪಾಗಿ ನೋಡಿದ. "ಈಗ ಯಾಕೆ ಬೈತಿದೀಯ?"

ಅವಳಿಗೂ ಗೊತ್ತಿರಲಿಲ್ಲ. ಬೈಯುವುದಕ್ಕೆ ಯಾರೂ ಉಳಿದಿರಲಿಲ್ಲ.

"ಅಮ್ಮನ ಹೆಡ್‌ಸೆಟ್ಟಲ್ಲಿ ಬೇಸ್ ಕೇಳ್ಸಲ್ಲ," ಅಂದಳು. ದನಿ ಅರ್ಧಕ್ಕೆ ಇಳಿದಿತ್ತು. "ನೀನ್ ಹಾಕಿದ ಎದೆ ಬಡಿತ ನನಗೆ ಕೇಳ್ಸಲೇ ಇಲ್ಲ. ಆಮೇಲೆ ಅಣ್ಣನ ಸ್ಪೀಕರಲ್ಲಿ ಕೇಳ್ತು."

"ಆಮೇಲೆ ಅಂದ್ರೆ? ಇವತ್ತಾ?"

"ನಿನ್ನೆ. ನಿನಗೆ ಮೆಸೇಜ್ ಕಳಿಸಿದ ಮೇಲೆ."

"ನಿನ್ನೇನೇ ಗೊತ್ತಿತ್ತಾ?"

ಅವಳು ತಲೆಯಾಡಿಸಿದಳು. "ನನ್ನದನ್ನ ಸರಿ ಮಾಡ್ಕೊಂಡೆ. ನೀನ್ ಹೇಳಿದ ಹಾಗೆ. ನಿನಗೆ ಹೇಳ್ಲಿಲ್ಲ."

ಕೊಕ್ಕರೆ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು, ಅವಳೂ ಕೂಗಬಹುದಿತ್ತು. ಅವನ ಕಿವಿ ಮಾತ್ರ ತುದಿಯಿಂದ ಕೆಂಪಾಗುತ್ತಾ ಬಂತು. ಹಾಗೆ ಕೆಂಪಾದಾಗ ಒಳಗೆ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಳೇದು ಸೇವ್ ಮಾಡಿದೀಯಾ?"

ಅವನು ಅದರ ಮೇಲೇ ಹೊಸದನ್ನು ಸೇವ್ ಮಾಡಿಬಿಟ್ಟಿದ್ದ. ಹಳೇದಿದ್ದ ಪೆನ್ ಡ್ರೈವ್ ಮೆಣಸಿನ ಮನೆಯಲ್ಲೇ ಉಳಿದಿತ್ತು. ಪರದೆಗೆ ತಿರುಗಿ, ಅವಳಿಗೆ ಬೆನ್ನು ಮಾಡಿ, ಡ್ರಮ್‌ಗಳನ್ನು ಒಂದೊಂದಾಗಿ ಅಳಿಸತೊಡಗಿದ. ಪ್ರತಿ ಸಲವೂ ಕೀಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದ.

ಹೊರಗೆ ಮೈದಾನ ತುಂಬುತ್ತಿತ್ತು. ಬೆಲ್ ಯಾವಾಗ ಬೇಕಾದರೂ ಹೊಡೆಯಬಹುದು. ಮೆಣಸಿಗೆ ಸಾರಿ ಅನ್ನಬೇಕೆನಿಸಿತು. ಆದರೆ ಅವನು ಆಗಲೇ ಒಂದು ಕಿವಿಯನ್ನು ಸ್ಪೀಕರಿಗೆ ಕೊಟ್ಟಿದ್ದ. ಅವಳು ಪಕ್ಕದ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು ಕೂತಳು.

ಅವನು ಬೇಸಿನ ಗುಂಡಿಯನ್ನು ಕೆಳಗೆ ಎಳೆದ. ದೀಪ ಆರುವ ಜಾಗದಿಂದ ಹಾಕಿದ. ಡುಬ್, ಡುಬ್. ಇನ್ನೂ ದಪ್ಪ, ಇನ್ನೂ ಒರಟು.

"ಈಗ?" ಅಂದ ಪರದೆಗೆ.

ಮೆಣಸು ಬೆಚ್ಚಿದಳು. ಅವನು ತಿರುಗಿ ಕೂಡ ನೋಡಿರಲಿಲ್ಲ. ಕಿವಿ ಇನ್ನೂ ಕೆಂಪಗಿತ್ತು. ಆದರೂ ಕೇಳಿದ್ದು ಅವಳನ್ನೇ. ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

'ಸೂಪರ್' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗಂದುಬಿಟ್ಟಿದ್ದರೆ ಅವನು ತಿರುಗಿ ನೋಡುತ್ತಿದ್ದನೇನೋ.

"ಇನ್ನೂ ಸ್ವಲ್ಪ ಕಡಿಮೆ," ಅಂದಳು. "ಮೊದಲು ಇದು ಹೆದರಿತ್ತು. ಈಗ ಹೆದರಿಸ್ತಿದೆ."

ಕೊಕ್ಕರೆಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಗುಂಡಿ ಕೂದಲೆಳೆಯಷ್ಟು ಕೆಳಗಿಳಿಯಿತು.

"ಈಗ?"

ಮೆಣಸು ಕಣ್ಣು ಮುಚ್ಚಿಕೊಂಡು ಕೇಳತೊಡಗಿದಳು.