ಬಲಗೈಯ ತೋಳುಪಟ್ಟಿ

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ರೆಸಾರ್ಟಿನ ಮ್ಯಾನೇಜರು ಠಾಣೆಯ ಮೆಟ್ಟಿಲು ಹತ್ತಿದರು. ಈಜುಕೊಳದ ಸಾಮಾನು ಕೋಣೆಯಲ್ಲಿದ್ದ ಮಕ್ಕಳ ತೋಳುಪಟ್ಟಿಗಳನ್ನು ಯಾರೋ ಕತ್ತರಿಸಿ ಹಾಕಿದ್ದಾರೆ ಎಂಬುದು ದೂರು. ಈಜು ಬಾರದ ಪುಟಾಣಿಗಳ ತೋಳಿಗೆ ಗಾಳಿ ಊದಿ ತೊಡಿಸುವ ಪಟ್ಟಿಗಳು. ಒಟ್ಟು ಮೂವತ್ತೆಂಟು, ಒಂದನ್ನೂ ಬಿಟ್ಟಿರಲಿಲ್ಲ.

ದೂರು ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್. ಒಮ್ಮೆ ಕೇಳಿದ ದನಿಯನ್ನು ಕೆಮ್ಮಿನ ಸಮೇತ ವಾಪಸು ಹೇಳಬಲ್ಲವನಾದ್ದರಿಂದ ಅವನಿಗೆ ಠಾಣೆಯಿಟ್ಟ ಹೆಸರು ರೇಡಿಯೋ. ಅವಸರದಲ್ಲಿ ಅವನು ತೋಳುಪಟ್ಟಿಯನ್ನು ಗಾಳಿಪಟ ಎಂದು ಬರೆದ. ಇನ್‌ಸ್ಪೆಕ್ಟರ್ ಮೇಡಂ ಅದನ್ನು ಓದಿ, ಕೇಸು ಈಗಲೇ ಹಾರಿಹೋಗುವುದು ಬೇಡ ಎಂದು ತಿದ್ದಿಸಿದರು.

ಮ್ಯಾನೇಜರಿಗೆ ನಗು ಬರಲಿಲ್ಲ. ಹಿಂದಿನ ದಿನ, ಭಾನುವಾರ ಹನ್ನೊಂದು ಇಪ್ಪತ್ತಕ್ಕೆ, ನಾಲ್ಕು ವರ್ಷದ ಹುಡುಗಿಯೊಬ್ಬಳು ಅದೇ ಕೊಳದಲ್ಲಿ ಮುಳುಗಿದ್ದಳು. ಲೈಫ್‌ಗಾರ್ಡ್ ಎತ್ತಿದ್ದರಿಂದ ಬದುಕಿದಳು. ಅವಳ ಪಟ್ಟಿಗೂ ಅದೇ ಕೈ ತೂತು ಮಾಡಿರಬೇಕೆಂಬುದು ಅವರ ವಾದ. “ಇದು ಕೊಲೆ ಯತ್ನ ಮೇಡಂ. ಹಾಗೇ ಹಾಕಿ.”

“ಏನು ಹಾಕ್ಬೇಕು ಅಂತ ನೀರು ಹೇಳುತ್ತೆ, ನಡೀರಿ,” ಎಂದರು ಮೇಡಂ.

ಆಸ್ತಿಗೆ ಹಾನಿ ಎಂದಷ್ಟೇ ಎಫ್‌ಐಆರ್ ಆಯಿತು. ಉಳಿದದ್ದಕ್ಕೆ ಜಾಗ ಖಾಲಿ ಬಿಟ್ಟರು. ಆ ಖಾಲಿ ಜಾಗದಲ್ಲಿ ಯಾರದೋ ಹತ್ತು ವರ್ಷದ ಜೈಲಿದೆ ಎಂದು ರೇಡಿಯೋಗೆ ಗೊತ್ತಿತ್ತು.

ಹತ್ತೂವರೆಗೆ ಪಂಚನಾಮೆ ಶುರು. ಕೋಣೆಯ ಬೀಗಕ್ಕೆ ಗೀರೂ ಬಿದ್ದಿಲ್ಲ. ಪಟ್ಟಿಗಳೆಲ್ಲ ನೆಲದ ಮೇಲೆ, ಬಣ್ಣಬಣ್ಣದ ಸಿಪ್ಪೆಗಳ ಹಾಗೆ. ಪ್ರತಿಯೊಂದನ್ನೂ ಈ ತುದಿಯಿಂದ ಆ ತುದಿಗೆ ಸೀಳಿತ್ತು. ಮಗುವನ್ನು ಮುಳುಗಿಸಬೇಕೆಂದಿರುವವನು ಸೂಜಿ ಚುಚ್ಚುತ್ತಾನೆ, ಕಣ್ಣಿಗೆ ಕಾಣದ ಹಾಗೆ. ಇದು ಯಾರೂ ಮತ್ತೆ ತೊಡಿಸಲಾರದಂತೆ ಮಾಡಿದ ಸೀಳು. ಇನ್ನೊಂದು ವಿಚಿತ್ರವಿತ್ತು. ಬೆಲ್ಟು ಬಿಗಿಯುವ ದಪ್ಪ ಫೋಮಿನ ಜಾಕೆಟ್ಟುಗಳು ಹನ್ನೆರಡೂ ಹಾಗೇ ಇದ್ದವು. ಹಾಗೇ ಎಂದರೂ ತಪ್ಪು. ಅವನ್ನು ಒರೆಸಿ, ಮಡಿಸಿ, ಬಾಗಿಲು ತೆರೆದರೆ ಕೈಗೆ ಸಿಗುವಂತೆ ಮುಂದಿನ ಹಲಗೆಯ ಮೇಲೆ ಜೋಡಿಸಿತ್ತು.

“ಇವು ಮೊದಲು ಎಲ್ಲಿದ್ವು?”

“ಹಿಂದೆ, ಮೂಲೇಲಿ,” ಎಂದರು ಮ್ಯಾನೇಜರು. “ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಮೇಡಂ.”

ಹುಡುಗಿ ತೊಟ್ಟಿದ್ದ ಜೋಡಿ ಆಫೀಸಿನ ಮೇಜಿನ ಡ್ರಾಯರಿನಲ್ಲಿತ್ತು. ಮೇಡಂ ಬಕೆಟ್ಟಿನಲ್ಲಿ ನೀರು ತರಿಸಿದರು. ಬಾಯಿಂದ ಊದುವ ಕೆಲಸ ರೇಡಿಯೋ ಪಾಲಿಗೆ ಬಂತು. ಊದಿ ಕೆಂಪಾದ ಅವನ ಮುಖ ನೋಡಿ, ಇವನಿಗೂ ಒಂದು ಬಿರಡೆ ಹಾಕಿಸಬೇಕು ಎಂದರು ಮೇಡಂ. ನೀರಲ್ಲಿ ಅದುಮಿದ ಎರಡೂ ಪಟ್ಟಿಗಳಿಂದ ಒಂದು ಗುಳ್ಳೆಯೂ ಏಳಲಿಲ್ಲ. ತೂತಿರಲಿಲ್ಲ. ಒಳಮೈಗೆ ಮಾತ್ರ ಜಿಡ್ಡು ಅಂಟಿತ್ತು. ಬಿಸಿಲಿಗೆ ಹಚ್ಚಿದ ಕ್ರೀಮಿನ ಜಾರಿಕೆಗೆ ಪುಟ್ಟ ತೋಳುಗಳಿಂದ ಅವು ತಾವೇ ಕಳಚಿಕೊಂಡಿದ್ದವು.

ಅಂದರೆ ಹುಡುಗಿ ಮುಳುಗಿದ್ದು ಕತ್ತರಿಯಿಂದಲ್ಲ. ಹುಡುಗಿ ಮುಳುಗಿದ್ದರಿಂದ ಕತ್ತರಿ ಹೊರಬಂದಿತ್ತು.

ಕೋಣೆಯ ಬೀಗದಕೈ ಇದ್ದದ್ದು ಮೂವರ ಬಳಿ: ಮ್ಯಾನೇಜರು, ಲೈಫ್‌ಗಾರ್ಡ್, ಮತ್ತು ಕೊಳದ ಪಕ್ಕದ ಕೌಂಟರಿನಲ್ಲಿ ಟವೆಲು ಕೊಡುವ ಹೆಂಗಸು. ಅವಳನ್ನು ಎಲ್ಲರೂ ಟವೆಲಕ್ಕ ಎನ್ನುತ್ತಿದ್ದರು. ಮೂವರೂ ತಮಗೇನೂ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟರು. ಭಾನುವಾರ ಕೊಳದಲ್ಲಿದ್ದ ತಾಯಂದಿರಿಗೆ ಫೋನ್ ಮಾಡುವ ಕೆಲಸ ರೇಡಿಯೋದು.

ಮಧ್ಯಾಹ್ನ ಮೂರಕ್ಕೆ ಅವನು ಮೇಡಂ ಮುಂದೆ ಕುಳಿತು ಹೇಳಿಕೆಗಳನ್ನು ಒಪ್ಪಿಸಿದ. ಓದಿ ಹೇಳುವುದು ಅವನ ಜಾಯಮಾನವಲ್ಲ, ಆಡಿ ತೋರಿಸಿದ. ಮೊದಲನೆಯಾಕೆ ಮೂಗಿನಲ್ಲಿ ಮಾತಾಡುವ ಬ್ಯಾಂಕಿನವಳು. ಎರಡನೆಯಾಕೆ ಉಸಿರು ತೆಗೆಯದೆ ಗಂಡನನ್ನೂ ನಡುನಡುವೆ ಗದರುವವಳು. ಮೂರನೆಯಾಕೆ ಮುಳುಗಿದ ಹುಡುಗಿಯ ತಾಯಿ, ಪ್ರತಿ ವಾಕ್ಯಕ್ಕೂ ಅಳು. ಮೇಡಂ ಚಹಾ ಕುಡಿಯುತ್ತ ನಗು ತಡೆದುಕೊಂಡು ಕೇಳುತ್ತಿದ್ದರು. ಮೂರನೆಯದರ ನಡುವೆ ರೇಡಿಯೋ ತಾನೇ ನಿಂತುಬಿಟ್ಟ.

“ಯಾಕ್ರೀ, ಕರೆಂಟ್ ಹೋಯ್ತಾ?”

“ಇಲ್ಲೊಂದು ಮಾತು ಇವರದ್ದಲ್ಲ ಮೇಡಂ.” ಅವನು ಮತ್ತೊಮ್ಮೆ ಆ ಸಾಲು ಹೇಳಿದ. “ಬಣ್ಣ ನೋಡ್ಬೇಡಿ, ಮುಖ ನೋಡ್ತಾ ಇರಿ.” ಮೂವರೂ ಅದನ್ನು ಹೇಳಿದ್ದರು. ಹೇಳುವಾಗ ಮೂಗಿನವಳ ಮೂಗುದನಿ ಹೋಗಿತ್ತು, ಗದರುವವಳು ಮೆತ್ತಗಾಗಿದ್ದಳು, ಅಳುವವಳ ಅಳು ನಿಂತಿತ್ತು. ಮೂವರ ಬಾಯಲ್ಲೂ ಅದೇ ಇಳಿದನಿ, ಕೊನೆಯಲ್ಲಿ ಅದೇ ಸಣ್ಣ ತಡೆ. ಯಾರೋ ಹೇಳಿದ್ದನ್ನು ಅವರು ಹಾಗೇ ಎತ್ತಿಕೊಂಡಿದ್ದರು. ಇನ್ನೊಬ್ಬರ ದನಿ ಎತ್ತಿಕೊಳ್ಳುವ ತನ್ನ ಕಸುಬು ರೇಡಿಯೋಗೆ ಗೊತ್ತಾಗುವುದಿಲ್ಲವೇ?

ಹುಡುಗಿಯ ತಾಯಿಗೆ ಮತ್ತೆ ಫೋನ್ ಹೋಯಿತು. ಆ ಮಾತು ಹೇಳಿದ್ದು ಯಾರು? ಟವೆಲು ಕೊಡುವಾಗ ಅಲ್ಲಿನ ಅಕ್ಕ ಎಲ್ಲರಿಗೂ ಹಾಗೇ ಹೇಳುತ್ತಾರೆ ಎಂದಳು ಅವಳು. ತಾನು ಕೇಳಿಸಿಕೊಳ್ಳಲಿಲ್ಲ ಎಂದು ಮತ್ತೆ ಅತ್ತಳು.

ನಾಲ್ಕೂಕಾಲಿಗೆ ಅವರು ಕೌಂಟರಿಗೆ ಹೋದಾಗ ಟವೆಲಕ್ಕ ಹರಿದ ಅಂಚೊಂದನ್ನು ಹೊಲಿಯುತ್ತಿದ್ದಳು. ಪಕ್ಕದಲ್ಲಿ ದಾರ ಕತ್ತರಿಸುವ ಕತ್ತರಿ. ಅಲಗಿನ ಬುಡದಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನ ಎಳೆಯೊಂದು ಸಿಕ್ಕಿಕೊಂಡಿತ್ತು.

“ನಿಮ್ಮ ಕತ್ತರೀನಾ?”

“ಹೌದು.”

“ಯಾವಾಗ ಮಾಡಿದ್ದು?”

“ನಿನ್ನೆ. ಸಂಜೆ ಆರಕ್ಕೆ ಕೊಳ ಮುಚ್ಚಿದ ಮೇಲೆ.” ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಆ ಹುಡುಗಿ ಒಳಗಿದ್ಲು. ಪಟ್ಟಿ ಎರಡೂ ಮೇಲೆ ತೇಲ್ತಿದ್ವು. ಅವರಮ್ಮ ಅದನ್ನ ನೋಡ್ಕೊಂಡು ನಗ್ತಾ ಫೋನಲ್ಲಿ ಮಾತಾಡ್ತಿದ್ರು. ನಾನೇ ಕೂಗಿದ್ದು.”

“ನಿಮಗೆ ಹೇಗೆ ಗೊತ್ತಾಯ್ತು?”

ಟವೆಲಕ್ಕ ಹೊಲಿಯುತ್ತಿದ್ದ ಟವೆಲನ್ನು ಪಕ್ಕಕ್ಕಿಟ್ಟಳು. “ನಾನೂ ಹಾಗೇ ನೋಡಿದ್ದೆ,” ಎಂದಳು.

ಎರಡು ವರ್ಷದ ಹಿಂದೆ, ಇನ್ನೊಂದು ಊರಿನ ಇನ್ನೊಂದು ಕೊಳ. ಅಲ್ಲೂ ಟವೆಲಿನ ಕೆಲಸವೇ. ಐದು ವರ್ಷದ ಮಗ ರಜೆಯ ದಿನ ಜೊತೆಗೆ ಬಂದಿದ್ದ. ಟವೆಲು ಎಣಿಸುತ್ತ ಅವಳು ಆಗಾಗ ತಲೆಯೆತ್ತಿದಳು, ನೀರಿನ ಮೇಲೆ ಎರಡು ಕಿತ್ತಳೆ ಚುಕ್ಕೆ ಕಂಡವು, ಇದ್ದಾನೆ ಎಂದುಕೊಂಡು ಮತ್ತೆ ಎಣಿಸಿದಳು. ಮೂರು ಸಲ ಹಾಗೆ ನೋಡಿದ್ದಳಂತೆ.

ಇನ್ನೂ ಕೊಳದ ಪಕ್ಕದಲ್ಲೇ ಯಾಕೆ ಕೆಲಸ ಮಾಡುತ್ತೀರಿ ಎಂದು ಮೇಡಂ ಕೇಳಿದರು. ಅದು ತನಿಖೆಯ ಪ್ರಶ್ನೆಯಾಗಿರಲಿಲ್ಲ.

“ಮಕ್ಕಳು ಮುಳುಗಿ ಏಳ್ತಾವಲ್ಲ ಮೇಡಂ, ಕೂದಲು ಮುಖಕ್ಕೆ ಅಂಟಿರುತ್ತೆ. ಒರೆಸ್ಕೊಳ್ಳೋ ತನಕ ಯಾರ ಮಗು ಅಂತ ಗೊತ್ತಾಗಲ್ಲ. ಅಷ್ಟು ಹೊತ್ತು…”

ಐದು ಐದಕ್ಕೆ ಬಂಧನ ದಾಖಲಾಯಿತು. ಆಮೇಲೆ ಟವೆಲಕ್ಕನನ್ನು ಜೊತೆಗೆ ಕರೆದುಕೊಂಡು ಅವಳ ಮನೆ ಶೋಧ. ಲಾಂಡ್ರಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮಡಿಸಿದ್ದೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಿಸಿತ್ತು. ಕಪಾಟಿನ ಮೇಲಿನ ಹಲಗೆಯಲ್ಲಿ, ಬಿಳಿ ಟವೆಲೊಂದರ ಮಡಿಲಲ್ಲಿ, ಕಿತ್ತಳೆ ಬಣ್ಣದ ತೋಳುಪಟ್ಟಿಯೊಂದು ರೇಡಿಯೋ ಕೈಗೆ ಸಿಕ್ಕಿತು. ಅರ್ಧ ಗಾಳಿ ಇಳಿದು ಮೆತ್ತಗಾಗಿತ್ತು. ಜಪ್ತಿ ಮಾಡಿದ ಮಾಲು ಕವರಿನೊಳಗೆ ಚಪ್ಪಟೆಯಾಗಿ ಕೂರಬೇಕು, ಮೇಲೆ ಅರಗಿನ ಮುದ್ರೆ ಬೀಳಬೇಕು. ಇಪ್ಪತ್ತೆರಡು ವರ್ಷದ ರೂಢಿಯಲ್ಲಿ ಅವನ ಹೆಬ್ಬೆರಳು ಬಿರಡೆಯ ಮೇಲೆ ಹೋಯಿತು.

“ಅಣ್ಣಾ, ಬಿಚ್ಬೇಡಿ.”

ಬೆಳಿಗ್ಗೆಯಿಂದ ಒಂದೇ ದನಿಯಲ್ಲಿದ್ದವಳ ದನಿ ಒಡೆದಿತ್ತು.

“ಎಡಗೈದು ನಾನು ಊದಿದ್ದೆ. ಅದನ್ನ ಅವತ್ತೇ ಬಿಸಾಕಿದೆ. ಬಲಗೈದು ನಾನೇ ಊದ್ತೀನಿ ಅಂತ ಹಟ ಮಾಡಿ ಅವನೇ ಊದ್ದ. ಅದರೊಳಗಿರೋದು ಅವನ ಉಸಿರು.”

ರೇಡಿಯೋ ಹೆಬ್ಬೆರಳು ತೆಗೆದ. ಪಟ್ಟಿಯನ್ನು ಎರಡೂ ಅಂಗೈಯಲ್ಲಿ, ಒತ್ತಡ ಬೀಳದ ಹಾಗೆ, ಹಕ್ಕಿಮರಿಯಂತೆ ಹಿಡಿದುಕೊಂಡ. ತಾನು ಉಸಿರು ಬಿಗಿಹಿಡಿದಿದ್ದೇನೆಂದು ಅವನಿಗೆ ತಡವಾಗಿ ತಿಳಿಯಿತು.

ಮೇಡಂ ಪಟ್ಟಿಯನ್ನು ನೋಡಿದರು, ಅವಳನ್ನು ನೋಡಿದರು. “ಆ ಮೂವತ್ತೆಂಟರಲ್ಲಿ ಇದಿಲ್ಲ. ಎಲ್ಲಿತ್ತೋ ಅಲ್ಲೇ ಇಡಿ.”

ಎಫ್‌ಐಆರಿನ ಖಾಲಿ ಜಾಗದಲ್ಲಿ ಅವರು ಅಲ್ಲೇ ಒಂದು ಗೆರೆ ಎಳೆದರು. ಕೊಲೆ ಯತ್ನ ಇಲ್ಲ. ನಾಳೆ ಬೆಳಿಗ್ಗೆ ಜಾಮೀನಿನ ಮೇಲೆ ಹೊರಬರಬಹುದು, ಸಾಮಾನಿನ ನಷ್ಟ ಕೋರ್ಟು ನೋಡಿಕೊಳ್ಳುತ್ತದೆ ಎಂದರು. ಮ್ಯಾನೇಜರಿಗೂ ಒಂದು ನೋಟೀಸು ಬರೆಸಿದರು, ಫೋಟೋದಲ್ಲಿ ಚೆನ್ನಾಗಿ ಕಾಣದ ಜಾಕೆಟ್ಟುಗಳ ಬಗ್ಗೆ.

ಶೋಧದ ಪಂಚನಾಮೆಯ ಕೊನೆಯ ಸಾಲನ್ನು ರೇಡಿಯೋ ಬರೆದ: ‘ಪ್ರಕರಣಕ್ಕೆ ಸಂಬಂಧಿಸಿದ ಬೇರಾವ ವಸ್ತುವೂ ಮನೆಯಲ್ಲಿ ದೊರೆಯಲಿಲ್ಲ.’ ಅಷ್ಟು ದೊಡ್ಡ ಸುಳ್ಳನ್ನು ಅವನು ಸರ್ಕಾರಿ ಕಾಗದದ ಮೇಲೆ ಎಂದೂ ಬರೆದಿರಲಿಲ್ಲ.

ಜೀಪು ಹತ್ತುವ ಮುಂಚೆ ಟವೆಲಕ್ಕ ತಿರುಗಿ ನಿಂತಳು. ಕಿಟಕಿಯ ಪರದೆ ಎಳೆಯುವುದು ಮರೆತುಹೋಗಿದೆ, ಕಪಾಟಿಗೆ ಬಿಸಿಲು ಬಿದ್ದರೆ ಗಾಳಿ ಬೇಗ ಇಳಿಯುತ್ತದೆ ಎಂದಳು. ರೇಡಿಯೋ ಬೀಗ ತೆಗೆದು ಒಳಗೆ ಹೋಗಿ ಪರದೆ ಎಳೆದ. ನಡುವೆ ಉಳಿದ ಸಂದಿಗೆ ತನ್ನ ಜೇಬಿನ ಪಿನ್ನು ಚುಚ್ಚಿದ.

ಮರುದಿನ ಠಾಣೆಯಲ್ಲಿ ಹುಡುಗರು ಕೇಸಿನ ದನಿಗಳನ್ನೆಲ್ಲ ಕೇಳಿದರು. ರೇಡಿಯೋ ಮ್ಯಾನೇಜರನ್ನು ಆಡಿ ತೋರಿಸಿದ, ಮೂಗಿನವಳನ್ನೂ ಗದರುವವಳನ್ನೂ ಆಡಿ ತೋರಿಸಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಟವೆಲಕ್ಕನದು ಮಾಡಿ ಎಂದಾಗ, ಆ ಸ್ಟೇಷನ್ ಸಿಗುತ್ತಿಲ್ಲ ಎಂದು ಹೇಳಿ ಕಡತ ಕಟ್ಟಲು ಎದ್ದುಹೋದ.