ಕಟ್ಟಿದ ಕಂತು ಹೋದದ್ದೆಲ್ಲಿ?

ಆಕಿಬನಿಗೆ ಜೀಪಿನ ಸಾಲ ಕೊಡುವುದಿಲ್ಲ ಎಂದು ಬ್ಯಾಂಕಿನವರು ಹೇಳಿಬಿಟ್ಟರು. ಕಾರಣ, ಅವನ ಕ್ರೆಡಿಟ್ ರಿಪೋರ್ಟ್. ತಾಯಿಯ ಆಪರೇಷನ್ನಿಗೆಂದು ಹುಬ್ಬಳ್ಳಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಮಾಡಿದ ಸಾಲವನ್ನು ಅವನು ಹೋದ ವರ್ಷವೇ ತೀರಿಸಿದ್ದ. ರಿಪೋರ್ಟು ಮಾತ್ರ ಬೇರೆ ಹೇಳುತ್ತಿತ್ತು — ಬಾಕಿ, ಬಾಕಿ, ಬಾಕಿ. ಹಾಗಾದರೆ ಕಟ್ಟಿದ ದುಡ್ಡು ಎಲ್ಲಿ ಹೋಯಿತು?

ಆ ಕಾಗದ ಹಿಡಿದು ಆಕಿಬನ ಹೆಂಡತಿ ನಿಲೋಫರ ನೇರ ನಮ್ಮ ಮನೆಗೆ ಬಂದಳು. ದಾಂಡೇಲಿಯಲ್ಲಿ ನನ್ನ ಹೆಂಡತಿ ರಾಜಶ್ರೀಯ ರವಿಕೆಗಳನ್ನೆಲ್ಲ ಹೊಲಿಯುವವಳು ಅವಳೇ. ರಾಜಶ್ರೀ ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತಳಾದವಳು. ನಾನು ಶರಣಬಸವ, ಮಿಲ್ಲಿನಿಂದ ನಿವೃತ್ತನಾಗಿ ಈಗ ಇವಳ ಕೈಕೆಳಗೆ ಇರುವವನು. ಡಬ್ಬಿಯಲ್ಲಿ ಚಕ್ಕುಲಿ ಕಡಿಮೆಯಾದರೆ ಇವಳು ಡಬ್ಬಿ ತೆರೆಯುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಅಂಥವಳಿಗೆ ಫೈನಾನ್ಸ್ ಕಂಪನಿ ಯಾವ ಲೆಕ್ಕ?

ನಿಲೋಫರಳ ಚಿಂತೆಯೆಲ್ಲ ಜೀಪಿನದು. ಆಕಿಬ ಜೋಯಿಡಾದ ಕಾಡಿಗೆ ಪ್ರವಾಸಿಗರನ್ನು ಒಯ್ಯುವ ಡ್ರೈವರ್, ಜೀಪು ಮಾತ್ರ ಇನ್ನೊಬ್ಬರದು. ಕ್ಯಾಸಲ್‌ರಾಕ್‌ನ ರೈಲ್ವೆ ನೌಕರರೊಬ್ಬರು ತಮ್ಮ ಹಳೆಯ ಜೀಪನ್ನು ಅವನಿಗೇ ಮಾರುವುದಾಗಿ ಹೇಳಿ, ಸ್ವಲ್ಪ ದಿನ ಕಾಯಲು ಒಪ್ಪಿದ್ದರು.

"ಅವರಾದ್ರೂ ಎಷ್ಟ ದಿನಾ ಕಾಯ್ತಾರ್ರಿ ಅಕ್ಕಾರ? ಇವರು ಎಷ್ಟ ವರ್ಷ ಮಂದಿ ಜೀಪ್ ಓಡಸ್ಬೇಕು?" ಎಂದಳು ನಿಲೋಫರ. ಕಣ್ಣು ತುಂಬಿತ್ತು.

ಸಂಜೆ ಆಕಿಬನ ವಿಚಾರಣೆ. ಅವನಿಗೆ ಅನುಮಾನವೇ ಇರಲಿಲ್ಲ.

"ವೀರೇಶ ತಿಂದಾನ್ರಿ."

ವೀರೇಶ ಆ ಕಂಪನಿಯ ವಸೂಲಿಯವನು, ಹಳಿಯಾಳದ ಶಾಲೆಯಲ್ಲಿ ಆಕಿಬನ ಜೊತೆಗೇ ಓದಿದವನು. ಹಿಂದೊಮ್ಮೆ ಪ್ರವಾಸಿಗರೇ ಬಾರದೆ ಆಕಿಬನ ಕಂತು ನಿಂತಾಗ, ಮೇಲಿನವರ ಹತ್ತಿರ ಮಾತಾಡಿ ದೊಡ್ಡ ಕಂತನ್ನು ಸಣ್ಣ ಸಣ್ಣದು ಮಾಡಿಸಿಕೊಟ್ಟವನೂ ಅವನೇ.

"ಅವನ ಕೈಯಾಗ ದುಡ್ಡು ಕೊಟ್ಟೀಯೇನು?" ರಾಜಶ್ರೀ ಕೇಳಿದಳು.

"ಹೊಸಾ ಕರಾರಿನ ಮೊದಲನೇ ಕಂತು ಕೊಟ್ಟೇನ್ರಿ. ರಸೀದಿ ಕೊಡ್ಲಿಲ್ಲ."

"ಉಳದದ್ದು?"

ಕಾಡಿನಲ್ಲಿ ನೆಟ್‌ವರ್ಕ್ ಎಲ್ಲಿ ಬರಬೇಕು? ಉಳಿದ ಕಂತಿನ ದುಡ್ಡನ್ನು ಅವನು ನಿಲೋಫರಳ ಕೈಗೆ ಕೊಡುತ್ತಿದ್ದ, ಅವಳು ತನ್ನ ಮೊಬೈಲಿನಿಂದ ಕಂಪನಿಗೆ ಕಳಿಸುತ್ತಿದ್ದಳು. ಪ್ರತಿ ಸಲ ದುಡ್ಡು ಮುಟ್ಟಿತೆಂದು ಮೆಸೇಜೂ ಬರುತ್ತಿತ್ತು.

ಮನೆಯಲ್ಲಿ ಬೇರೆ ಸಾಲ ಇದೆಯೇ ಎಂದು ರಾಜಶ್ರೀ ಕೇಳಿದಾಗ ಆಕಿಬನ ಮುಖ ಅರಳಿತು. ನಿಲೋಫರ ಅದೇ ಕಂಪನಿಯ ಸಾಲದಲ್ಲಿ ಹೊಲಿಗೆ ಮಿಷನ್ ತೆಗೆದುಕೊಂಡಿದ್ದಳಂತೆ, ರವಿಕೆ ಹೊಲಿದು ಹೊಲಿದು ಅವಧಿಗೆ ಮೊದಲೇ ತೀರಿಸಿಬಿಟ್ಟಳಂತೆ. ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದನಂತೆ. ಹೆಂಡತಿಯನ್ನು ಹೊಗಳುವ ಗಂಡ ಎಂದು ನನಗೆ ಅವನ ಮೇಲೆ ಪ್ರೀತಿ ಬಂತು. ಅದಕ್ಕಿಂತ ಹೆಚ್ಚು ನಾನು ಯೋಚಿಸಲಿಲ್ಲ.

ಮರುದಿನ ಮುಂಡಗೋಡಕ್ಕೆ ಹೋದೆವು. ವೀರೇಶನಿಗೆ ಅಲ್ಲಿಗೆ ವರ್ಗವಾಗಿತ್ತು. ಆಕಿಬ ತನ್ನನ್ನು ಕಳ್ಳ ಅಂದ ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು, ಕಣ್ಣಲ್ಲಿ ನೀರಿತ್ತು.

"ಒಂದಽ ಬೆಂಚಿನ್ಯಾಗ ಕುಂತು ಓದೇವ್ರಿ ಮೇಡಂ. ನನಗೊಂದು ಮಾತು ಕೇಳದಽ ಕಳ್ಳ ಅಂದ್ನೇನ್ರಿ ಅಂವಾ?"

ರಾಜಶ್ರೀ ಸಮಾಧಾನ ಹೇಳಲಿಲ್ಲ. "ಅವನ ಕಂತು ನಿನ್ನ ಕೈಗೆ ಎಷ್ಟ ಸಲ ಬಂದೈತಿ?" ಎಂದಷ್ಟೇ ಕೇಳಿದಳು.

"ಒಂದಽ ಸಲ. ಅವತ್ತಽ ಆಫೀಸಿಗೆ ತುಂಬೇನ್ರಿ. ಮುಂದ ಇಲ್ಲಿಗೆ ವರ್ಗ ಆತು."

ಅವಳು ಎದ್ದಳು. ಇಷ್ಟು ಕೇಳಲು ಇಷ್ಟು ದೂರ ಬಸ್ಸಿನಲ್ಲಿ ಕುಲುಕಾಡಿಸಿದಳೇ ಎಂದು ನನಗೆ ಸಿಟ್ಟು. ವಾಪಸು ಬರುವಾಗ, ಇವನೇ ಕಳ್ಳ, ಅದಕ್ಕೇ ಕಣ್ಣಲ್ಲಿ ನೀರು ತಂದುಕೊಂಡ ಎಂದು ನನ್ನ ತೀರ್ಪು ಕೊಟ್ಟೆ. ಅವಳು ನನ್ನ ಕೈಗೆ ಶೇಂಗಾ ಪೊಟ್ಟಣ ಕೊಟ್ಟಳು. ಬಾಯಿ ಮುಚ್ಚು ಎಂಬುದಕ್ಕೆ ನಮ್ಮ ಮನೆಯಲ್ಲಿ ಅದೇ ಮರ್ಯಾದೆಯ ಭಾಷೆ.

ಭಾನುವಾರ ಮೂವರನ್ನೂ ಮನೆಗೆ ಕರೆಸಿದಳು. ಆಕಿಬನೂ ವೀರೇಶನೂ ಒಬ್ಬರ ಮುಖ ಒಬ್ಬರು ನೋಡದೆ ಕುಳಿತರು. ರಾಜಶ್ರೀ ರಿಪೋರ್ಟನ್ನು ಟೇಬಲ್ಲಿನ ಮೇಲೆ ಹರಡಿದಳು.

"ನೀವೆಲ್ಲಾ ಬಾಕಿ ಇದ್ದ ತಿಂಗಳು ನೋಡಿದ್ರಿ. ಜಮಾ ಆದ ತಿಂಗಳು ಯಾರೂ ನೋಡ್ಲಿಲ್ಲ. ಹೊಸಾ ಕರಾರಿನ್ಯಾಗ ಒಂದು ಕಂತು ಸರಿಯಾಗಿ ಜಮಾ ಆಗೇತಿ. ಯಾವುದು ಹೇಳ್ರಿ?"

ಮೊದಲನೆಯದು. ರಸೀದಿಯಿಲ್ಲದೆ ವೀರೇಶನ ಕೈಗೆ ಕೊಟ್ಟದ್ದು. ಅವನು ಕಳ್ಳನಾಗಿದ್ದರೆ ನುಂಗಲು ಸಾಧ್ಯವಿದ್ದದ್ದು ಅದೊಂದೇ ಕಂತು, ಅದೊಂದೇ ಕಂಪನಿಗೆ ಸರಿಯಾಗಿ ಸೇರಿತ್ತು. ಆಕಿಬ ತಲೆ ತಗ್ಗಿಸಿದ. "ತಪ್ಪಾತೋ ವೀರೇಶಾ" ಎಂದ. ವೀರೇಶ ಚಹಾದ ಕಪ್ಪನ್ನು ಅವನ ಕಡೆ ಸರಿಸಿದ.

"ಹಂಗಾರ ಉಳದ ದುಡ್ಡು ಎಲ್ಲೈತ್ರಿ?" ವೀರೇಶನೇ ಕೇಳಿದ.

"ಕಂಪನಿಯಾಗಽ ಐತಿ," ಎಂದು ರಾಜಶ್ರೀ ನಿಲೋಫರಳ ಕಡೆ ತಿರುಗಿದಳು. "ನಿಲೋಫರ, ನಿನ್ನ ಮಿಷನ್ ಸಾಲ ತೀರ್ಸಿದ್ದು ಯಾರು?"

ನಿಲೋಫರ ಗಂಡನ ಕಡೆ ಓರೆಯಾಗಿ ನೋಡಿದಳು. ನಾಚಿಕೊಂಡಿದ್ದಳು.

"ಇವರಽ ತೀರ್ಸ್ಯಾರ್ರಿ."

"ನಾನಾ?" ಎಂದ ಆಕಿಬ. "ನೀನಲ್ಲಾ?"

ಗಂಟು ಬಿಚ್ಚಿತು, ಉಳಿದದ್ದನ್ನು ರಾಜಶ್ರೀ ಬಿಡಿಸಿ ಹೇಳಿದಳು. ಕಂಪನಿಯ ಕಂಪ್ಯೂಟರು ದುಡ್ಡು ಯಾರ ಸಾಲಕ್ಕೆ ಬಂತೆಂದು ನೋಡುತ್ತಿರಲಿಲ್ಲ, ಯಾವ ಮೊಬೈಲಿನಿಂದ ಬಂತೆಂದು ನೋಡುತ್ತಿತ್ತು. ಆ ನಂಬರು ನಿಲೋಫರಳ ಮಿಷನ್ ಸಾಲಕ್ಕೆ ಜೋಡಿಸಿದ್ದು. ಆಕಿಬನ ಕಂತುಗಳೆಲ್ಲ ಅಲ್ಲಿಗೇ ಹೋಗಿ ಬಿದ್ದವು, ಮೆಸೇಜು ಮಾತ್ರ ಯಾವ ಸಾಲಕ್ಕೆಂದು ಹೇಳದೆ ದುಡ್ಡು ಮುಟ್ಟಿತು ಎನ್ನುತ್ತಿತ್ತು. ಮಿಷನ್ ಸಾಲ ಮುಗಿದು, ಮಿಕ್ಕ ದುಡ್ಡು ಅಲ್ಲೇ ಕೊಳೆಯುತ್ತಿತ್ತು. ಆಕಿಬನಿಗೆ ಕಳಿಸಿದ ನೋಟೀಸುಗಳು ಹಳಿಯಾಳದಲ್ಲಿ ಅವರು ಬಿಟ್ಟುಬಂದ ಬಾಡಿಗೆ ಮನೆಗೆ ಹೋಗುತ್ತಿದ್ದವು.

"ಕಳ್ಳ ಅಂದ್ರ ಆ ಕಂಪ್ಯೂಟರ್. ಅದಕ್ಕ ಸಾಥ್ ಕೊಟ್ಟಾವ್ರು ನೀವು ಗಂಡಾ ಹೆಂಡ್ತಿ. ಒಬ್ಬರಿಗೊಬ್ಬರು ಒಂದು ಮಾತು ಕೇಳಿದ್ರ ಅವತ್ತಽ ಗೊತ್ತಾಗ್ತಿತ್ತು. ಯಾಕ ಕೇಳ್ಲಿಲ್ಲ?"

"ಸಾಲ ಮುಗೀತಂತ ಮೆಸೇಜ್ ಬಂತ್ರಿ," ಎಂದಳು ನಿಲೋಫರ. "ನನಗ ಹೇಳದಽ ತೀರ್ಸ್ಯಾರ, ಕೇಳಿದ್ರ ನಾಚ್ಕೋತಾರಂತ ಸುಮ್ಮನಾದೆ. ಅವತ್ತ ಖೀರು ಮಾಡಿ ಬಡಿಸಿದ್ದೆ."

"ನೀನಽ ಸಾಲ ತೀರ್ಸಿದ ಖುಷಿಗೆ ಮಾಡೀಯಂತ ನಾ ತಿಂದೆ," ಎಂದ ಆಕಿಬ.

ಜೀಪಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸಿ ಸತಾಯಿಸುವ ಜಾತಿಯವನಲ್ಲ ನಾನು. ಕಂಪನಿಗೊಂದು, ರಿಪೋರ್ಟು ತಯಾರಿಸುವವರಿಗೊಂದು ಅರ್ಜಿ ಹೋಯಿತು, ಜೊತೆಗೆ ಮೆಸೇಜುಗಳ ನಕಲು. ಕಂಪನಿಯೊಳಗಿನ ಓಡಾಟವನ್ನು ವೀರೇಶ ತಾನೇ ಹೊತ್ತುಕೊಂಡ. ಕಂತುಗಳು ತಮ್ಮ ಜಾಗಕ್ಕೆ ಬಂದವು, ರಿಪೋರ್ಟು ತಿದ್ದಿ ಬಂತು, ಕ್ಯಾಸಲ್‌ರಾಕ್‌ನ ಜೀಪು ದಾಂಡೇಲಿಗೆ ಬಂತು.

ಆದರೆ ಆ ಭಾನುವಾರ ಇನ್ನೊಂದು ಮಾತು ಉಳಿದಿತ್ತು. ಅರ್ಜಿಗೆ ನಿಲೋಫರಳ ಸಹಿ ಬೇಕಿತ್ತು. ಕಂತುಗಳು ಆಕಿಬನ ಸಾಲಕ್ಕೆ ಹೋದರೆ ಮಿಷನ್ ಸಾಲ ಮತ್ತೆ ಎದ್ದು ನಿಲ್ಲುತ್ತದೆ ಎಂದು ರಾಜಶ್ರೀ ಮೆಲ್ಲಗೆ ತಿಳಿಸಿದಳು. ನಿಲೋಫರ ಹಿಡಿದ ಪೆನ್ನನ್ನು ಕೆಳಗಿಟ್ಟಳು.

"ಹಂಗಾರ ಖರೇ ಅಂದ್ರ ಯಾರೂ ತೀರ್ಸಿಲ್ಲ," ಎಂದಳು.

ದುಡ್ಡಿಗಾಗಿ ಆಡಿದ ಮಾತಲ್ಲ ಅದು. ಇಷ್ಟು ದಿನ ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಗಂಡನ ಪ್ರೀತಿಯೊಂದನ್ನು ಅವಳು ಸಹಿ ಮಾಡಿ ವಾಪಸು ಕೊಡಬೇಕಾಗಿತ್ತು. ಅವಳು ಪೆನ್ನು ಎತ್ತಿಕೊಂಡು ಸಹಿ ಮಾಡಿದಳು.

ಆಕಿಬ ಎದ್ದು ಬಂದು ಅವಳ ಪಕ್ಕ ಕುಳಿತ.

"ಬರೂ ತಿಂಗಳಿಂದ ಮಿಷನ್ ಕಂತು ನಾ ತುಂಬತೇನಿ."

ನಿಲೋಫರ ಕಣ್ಣು ಒರೆಸಿಕೊಂಡು ನಕ್ಕಳು.

"ತುಂಬಾಕಽ ಬೇಕ್ರಿ. ಅದರ ಖೀರು ಆಗ್ಲೇ ತಿಂದೀರಿ."