ಗೂಗೆಗೆ ಬೀಸಿದ ಕಲ್ಲು

ಜನವರಿ 17ರ ಸಂಜೆ ಏಳೂವರೆಗೆ ಕಂಬೈನಲ್ಲೂರು ಠಾಣೆಗೆ ಶಂಕಗಿರಿಯ ಕಾರು ಚಾಲಕ ಕಣ್ಣನ್ ಓಡಿಬಂದ. ಹೆಡ್ ಕಾನ್‌ಸ್ಟೆಬಲ್ ಗೋಪಾಲಪ್ಪ ನೀರು ಕುಡಿಸಿ ದೂರು ಬರೆದುಕೊಂಡರು. ಅವನ ಕಾರಿನಲ್ಲಿ ಬಂದಿದ್ದ ಪುಣೆಯ ನಿವೃತ್ತ ಮೇಷ್ಟ್ರು ದೇಶಪಾಂಡೆ ಹಳ್ಳದ ಬಂಡೆಗಳ ಬಳಿ ತಲೆ ಒಡೆದು ಸತ್ತುಬಿದ್ದಿದ್ದರು. ಕಛ್‌ನ ಮರಳುಗಾಡಿನಿಂದ ಅಸ್ಸಾಮಿನ ಜೌಗಿನವರೆಗೆ ಹಕ್ಕಿ ನೋಡುತ್ತ ದೇಶ ಸುತ್ತಿದ ಜೀವ. ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಆರೂವರೆಗೆ ಇನ್‌ಸ್ಪೆಕ್ಟರ್ ಕಲೈಸೆಲ್ವಿ ಸ್ಥಳದಲ್ಲಿ ಮಹಜರು ನಡೆಸಿದರು. ಕ್ಯಾಮೆರಾ, ಬೈನಾಕ್ಯುಲರ್, ಕೈಗಡಿಯಾರ ಎಲ್ಲ ಇದ್ದಲ್ಲೇ ಇದ್ದವು. ಕಳ್ಳರ ಕೆಲಸವಲ್ಲ. ಪೊದೆಯೊಳಗೆ ಅಂಗೈಯಗಲದ ಸ್ಪೀಕರ್ ಸಿಕ್ಕಿತು. ಗುಂಡಿ ಒಮ್ಮೆ ಒತ್ತಿದರೆ ಗೂಗೆಯ ಒಂದು ಕೂಗು. ಗೋಪಾಲಪ್ಪನವರ ಮೈ ಜುಮ್ಮೆಂದಿತು. ಗೂಗೆ ಮನೆಯತ್ತ ತಿರುಗಿ ಮೂರು ಸಂಜೆ ಕೂಗಿದರೆ ಆ ಮನೆಯಲ್ಲೊಂದು ಹೆಣ ಎಂದು ಅಜ್ಜಿ ಹೇಳುತ್ತಿದ್ದದ್ದು ಖಾಕಿ ತೊಟ್ಟ ಮಾತ್ರಕ್ಕೆ ಮರೆತುಹೋಗುತ್ತದೆಯೇ?

"ಮೂರು ಸಂಜೆಯಿಂದ ಇದನ್ನ ಹಾಕ್ತಿದ್ರು ಸಾರ್," ಅಂದ ಕಣ್ಣನ್. "ಇದು ಕೇಳಿ ನಿಜವಾದ ಗೂಗೆ ಬರ್ತದಂತೆ."

"ಬಂತಾ?" ಗೋಪಾಲಪ್ಪ ಕೇಳಿದರು.

"ಇಲ್ಲ."

ಕಲೈಸೆಲ್ವಿ ರಕ್ತ ಮೆತ್ತಿದ ಕಲ್ಲು ತೋರಿಸಿದರು. "ಜಜ್ಜಿ ಕೊಂದಿದ್ದಾರೆ."

"ನಿಂಬೆಹಣ್ಣಿನಷ್ಟು ಕಲ್ಲಲ್ಲಿ ಜಜ್ಜೋಕಾಗಲ್ಲ ಮೇಡಂ," ಅಂದರು ಗೋಪಾಲಪ್ಪ. " ಹಳ್ಳದಲ್ಲಿ ಆಯ್ದು ತಂದ ಗುಂಡುಕಲ್ಲಿದು. ಜೋಳದ ಹೊಲದಲ್ಲಿ ಗಿಣಿ ಓಡಿಸೋರು ಕವಣೆಗೆ ಇಡ್ತಾರೆ."

ಎಂಬತ್ತು ಹೆಜ್ಜೆ ಆಚೆ ಒಂಟಿ ಮನೆ. ಜಗಲಿಯ ಗೂಟದಲ್ಲಿ ಕವಣೆ ನೇತಾಡುತ್ತಿತ್ತು. ಬಚ್ಚಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಒಳಗೆ ಮನೆಯೊಡತಿ ಮಾದಮ್ಮನ ಒಬ್ಬಳೇ ಮಗಳು, ಹತ್ತೊಂಬತ್ತರ ಶಾಲಿನಿ, ಊದಿದ ಮುಖದಲ್ಲಿ ಏದುಸಿರು ಬಿಡುತ್ತಿದ್ದಳು. ಗೋಪಾಲಪ್ಪ ಮೊದಲು 108ಕ್ಕೆ ಫೋನ್ ಮಾಡಿ, ಚಿಕ್ಕಮ್ಮನ ಜೊತೆ ಅವಳನ್ನು ಧರ್ಮಪುರಿ ಆಸ್ಪತ್ರೆಗೆ ಕಳಿಸಿದರು. ವಿಚಾರಣೆ ಆಮೇಲೆ, ಠಾಣೆಯ ತಮಿಳು ಬಿಟ್ಟು ಮಾದಮ್ಮನ ಮನೆಮಾತಾದ ಕನ್ನಡದಲ್ಲೇ.

"ನೆನ್ನೆ ಸಂಜೆ ಕವಣೆ ಬೀಸಿದ್ಯೇನಮ್ಮ?"

"ಆಮಾ ಸಾರ್, ಬೀಸ್ದೆ. ಮೂರು ದಿನ ಗೂಗೆ ಮನೆ ಕಡೀಕೇ ಕೂಗ್ತು. ಮಗಳು ಇಂಗೆ ಮಲಗವ್ಳೆ. ಸುಮ್ಕಿರಕಾಯ್ತದಾ?"

"ಅಲ್ಲಿ ಯಾರಾದ್ರೂ ಕಂಡ್ರಾ?"

"ಮಬ್ಬಾಗಿತ್ತು. ಕೂಗು ಬಂದ ಕಡೀಕೆ ಬೀಸ್ದೆ. ನಿಂತೋಯ್ತು. ಬದುಕಿದ್ವಿ ಅಂತ ಮಗಳಿಗೆ ಗಂಜಿ ಕುಡಿಸ್ದೆ."

ಮಧ್ಯಾಹ್ನ 12.10ಕ್ಕೆ ಬಂಧನ ದಾಖಲಾಯಿತು. ಠಾಣೆಯಲ್ಲಿ ಕಲೈಸೆಲ್ವಿ ಸ್ಪೀಕರ್ ಗುಂಡಿ ಒತ್ತಿ ತೋರಿಸಿದರು. ಮಾದಮ್ಮ ಕಿವಿ ಮುಚ್ಚಿಕೊಂಡಳು. ಒಬ್ಬ ಮನುಷ್ಯನನ್ನು ಕೊಂದೆನಲ್ಲ ಎಂದು ಹಣೆ ಚಚ್ಚಿಕೊಂಡು ಅತ್ತಳು. ಬಹಳ ಹೊತ್ತಿನ ಮೇಲೆ ತಲೆ ಎತ್ತಿ ಗೋಪಾಲಪ್ಪನವರನ್ನು ಕೇಳಿದಳು.

"ಅಂಗಾರೆ ಗೂಗೆ ಬಂದೇ ಇಲ್ವಾ ಸಾರ್?"

"ಇಲ್ಲ."

"ಅಂಗಾರೆ ನನ್ನ ಮಗಳು ಉಳೀತಾಳೆ." ಅಳುತ್ತಲೇ ಅವಳ ಮುಖ ಅರಳಿತು.

ಆಸ್ಪತ್ರೆಯಿಂದ ಫೋನ್ ಬಂದು ಹತ್ತು ನಿಮಿಷವಾಗಿತ್ತು. ಮಣ್ಣು ಮಾಡಲು ಯಾರು ಬರುತ್ತಾರೆ ಎಂದು ಅಲ್ಲಿಂದ ಚಿಕ್ಕಮ್ಮ ಕೇಳಿದ್ದಳು. ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವ ಮೊದಲು ಹೇಳಲೇಬೇಕು. ಅವಳ ಮಾತಿನಲ್ಲಿ ಹೇಳಬಲ್ಲವರು ಠಾಣೆಯಲ್ಲಿ ಗೋಪಾಲಪ್ಪ ಒಬ್ಬರೇ. ಕೃತ್ಯಕ್ಕೆ ಕಾರಣ ಎಂಬಲ್ಲಿ 'ಮಗಳನ್ನು ಉಳಿಸಿಕೊಳ್ಳಲು' ಎಂದು ಬರೆದು, ಪೆನ್ನು ಮುಚ್ಚಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.